ಕಾರವಾರದಿಂದ ಧಾರವಾಡಕ್ಕ 21 ಫೂಟಿನ ಬೋಟು: ಪಿಕಪ್ ಹಿಂದ ಟ್ರೇಲರ್ ಕಟ್ಟಿ ತರಬಹುದಾ?

ಹಿನ್ನೀರು_ಸವದತ್ತಿ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಕಾರವಾರದಾಗ ಒಂದು ಫೈಬರ್ ಬೋಟು ಮಾತಾಗೇತಿ. 21 ಫೂಟು ಉದ್ದ, ಏಳೂವರಿ ಫೂಟು ಅಗಲ, ಹಿಂದ 40 ಎಚ್‌ಪಿ ಯಮಹಾ ಟೂ-ಸ್ಟ್ರೋಕ್ ಎಂಜಿನ್ನು. ಅದರ ಜೋಡಿ ಒಂದು ಟ್ರೇಲರೂ ಕೊಡ್ತಾರ: ಒಂದೇ ಆಕ್ಸಲ್, ಪಾಟಾ ಸ್ಪ್ರಿಂಗು, ಬ್ರೇಕ್ ಇಲ್ಲ. ಎರಡು ವರ್ಷದಿಂದ ದಂಡಿ ಮ್ಯಾಲೆ ನಿಂತೈತಂತ. ಟೈರಿನ ಮ್ಯಾಲೆ 155/80 ಆರ್ 13, 79 ಅಂತ ಬರದೈತಿ.

ಗಾಡಿ ಇಸುಜು ವಿ-ಕ್ರಾಸ್ 1.9, ಮ್ಯಾನ್ಯುಯಲ್, ಫೋರ್ ಬೈ ಫೋರ್. ಬೋಟು ಮೊದಲು ಧಾರವಾಡಕ್ಕ ಬರಬೇಕು, ಆಮ್ಯಾಲೆ ವರ್ಷದಾಗ ನಾಕೈದು ಸರ್ತಿ ನವಿಲುತೀರ್ಥದ, ಅಂದ್ರ ಮಲಪ್ರಭಾ ಡ್ಯಾಮಿನ, ಹಿನ್ನೀರಿಗೆ ಹೋಗಿಬರಬೇಕು.

ಪ್ರಶ್ನೆ ನಾಕು ಅದಾವ. ಗಾಡಿ ಅರಬೈಲ್ ಘಟ್ಟ ಎಳೀತೈತೇನು? ನಮ್ಮ ಕಡೆ ವೆಲ್ಡಿಂಗ್ ಅಂಗಡ್ಯಾಗ ಹಿಂದಿನ ಬಂಪರಿಗೆ ಟ್ರ್ಯಾಕ್ಟರಿನ ಹಂಗ ಪಿನ್ ಕೊಂಡಿ ಹಚ್ಚಿಕೊಡ್ತೀವಿ ಅನ್ನಾಕತ್ತಾರ, ಅದು ನಡೀತೈತೇನು? ಟೈರ್ ಇದ್ದದ್ದ ಸಾಕಾ? ಆರ್‌ಟಿಓ ಕಾಗದ ಏನೇನು ಬೇಕು?

ಘಟ್ಟದ_ಗೇರು ಉತ್ತರ:

ಗಾಡಿ ಎಳೆಯುತ್ತದೆ. 163 ಎಚ್‌ಪಿ, 360 ನ್ಯೂಟನ್ ಮೀಟರ್ ಟಾರ್ಕ್ ಇದೆ. ಒಂದೂಕಾಲು ಒಂದೂವರೆ ಟನ್ ಅದಕ್ಕೆ ಭಾರವಲ್ಲ. ಎಲ್ಲರೂ ಮೊದಲು ಇದನ್ನೇ ಕೇಳುತ್ತಾರೆ, ಆದರೆ ತಲೆ ಕೆಡಿಸಿಕೊಳ್ಳಬೇಕಾದದ್ದು ಇದಕ್ಕಲ್ಲ. ಕೇಳಬೇಕಾದ್ದು ಎರಡು: ನಿಲ್ಲುತ್ತದೆಯೇ, ನೆಟ್ಟಗೆ ಬರುತ್ತದೆಯೇ.

ನಿಲ್ಲುವ ಲೆಕ್ಕ ನೋಡಿ. ಗಾಡಿ ಸುಮಾರು 2 ಟನ್. ಹಿಂದೆ 1,340 ಕೆ.ಜಿ. ಇದೆ, ಅದಕ್ಕೆ ಬ್ರೇಕ್ ಇಲ್ಲ ಎಂದಿಟ್ಟುಕೊಳ್ಳಿ. ಅಷ್ಟೇ ಬ್ರೇಕು ಮೂರೂಕಾಲು ಟನ್ನಿಗೂ ಮಿಕ್ಕಿದ ಭಾರವನ್ನು ನಿಲ್ಲಿಸಬೇಕು. ಒಣ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 20 ಮೀಟರಿನಲ್ಲಿ ನಿಲ್ಲುವ ಗಾಡಿಗೆ ಈಗ 33 ಮೀಟರ್ ಬೇಕು. ಅದೂ ಟ್ರೇಲರ್ ನೇರವಾಗಿ ಹಿಂದೆಯೇ ಇದ್ದರೆ. ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಬೋಟು ಹಿಂದಿನಿಂದ ನೂಕಿ ಪಿಕಪ್ಪಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ, ಎರಡೂ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ಎಷ್ಟೋ ದೇಶಗಳಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ 750 ಕೆ.ಜಿ.ಯೇ ಮಿತಿ, ಅದು ಸುಮ್ಮನೆ ಇಟ್ಟ ಅಂಕಿ ಅಲ್ಲ. ನಿಮ್ಮ ಗಾಡಿಯ ಮಾಲೀಕರ ಕೈಪಿಡಿಯಲ್ಲಿರುವ ಮಿತಿಯನ್ನೂ ಓದಿಕೊಳ್ಳಿ.

ಆದ್ದರಿಂದ ಆ ಟ್ರೇಲರಿಗೆ ಡ್ರಮ್ ಇರುವ ಆಕ್ಸಲ್ ಮತ್ತು ಓವರ್‌ರನ್ ಕಪ್ಲಿಂಗ್ ಹಾಕಿಸಿ. ಇದಕ್ಕೆ ಗಾಡಿಯಿಂದ ಪೈಪೂ ಬೇಡ, ಕರೆಂಟೂ ಬೇಡ. ಪಿಕಪ್ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ. ಕಪ್ಲಿಂಗಿನ ರಾಡು ಒಳಗೆ ಸರಿದು ಕೇಬಲ್ ಎಳೆದು ಎರಡೂ ಚಕ್ರಕ್ಕೆ ಬ್ರೇಕ್ ಹಿಡಿಸುತ್ತದೆ. ಎರಡು ತೊಡಕಿವೆ. ರಿವರ್ಸ್ ತೆಗೆಯುವಾಗಲೂ ರಾಡು ಒಳಗೆ ಹೋಗಿ ಬ್ರೇಕ್ ಕಚ್ಚುತ್ತದೆ, ಹಾಗಾಗಿ ರಿವರ್ಸಿನಲ್ಲಿ ತಾನೇ ಬಿಡುವ ಆಟೋ-ರಿವರ್ಸ್ ಡ್ರಮ್ಮೇ ಇರಲಿ, ಇಲ್ಲವೇ ರಾಡಿಗೆ ತಡೆಕೊಂಡಿ ಇರಬೇಕು. ಎರಡನೆಯದು, ಉದ್ದದ ಇಳಿಜಾರಿನಲ್ಲಿ ರಾಡು ಒಳಗೇ ಉಳಿದು ಡ್ರಮ್ ಕಾಯುತ್ತಲೇ ಇರುತ್ತದೆ. ಕಾರವಾರದಿಂದ ಬರುವಾಗ ಘಟ್ಟ ಏರುಮುಖ, ಈ ತೊಂದರೆ ಇಲ್ಲ. ರಿಪೇರಿಗೆಂದು ಬೋಟನ್ನು ಮತ್ತೆ ಕರಾವಳಿಗೆ ಒಯ್ಯುವ ದಿನ ಬಂದರೆ ಅರಬೈಲಿನ ತಲೆಯಿಂದಲೇ ಎರಡನೇ ಗೇರಿಗೆ ಇಳಿಸಿ, ಎಂಜಿನ್ನೇ ಹಿಡಿಯಲಿ.

ಇನ್ನು ನೆಟ್ಟಗೆ ಬರುವ ಮಾತು. ಅದು ನಿಂತಿರುವುದು ಮೂತಿಭಾರದ ಮೇಲೆ, ಅಂದರೆ ಟ್ರೇಲರಿನ ಕಪ್ಲಿಂಗ್ ನಿಮ್ಮ ಗಾಡಿಯ ಹಿಂದಿನ ಕೊಂಡಿಯ ಗುಂಡಿನ (ಬಾಲ್) ಮೇಲೆ ಎಷ್ಟು ಕೆ.ಜಿ. ಕೂರುತ್ತದೆ ಎಂಬುದರ ಮೇಲೆ. ಬೋಟಿಗೆ ಒಟ್ಟು ತೂಕದ 7ರಿಂದ 10 ಶೇಕಡ ಇರಲಿ. 5ಕ್ಕಿಂತ ಕಡಿಮೆಯಾದರೆ 60–70 ಕಿ.ಮೀ. ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಒಂದೊಂದು ಹೊಡೆತಕ್ಕೂ ಜಾಸ್ತಿಯಾಗುತ್ತ ಹೋಗುತ್ತದೆ. ಹಾಗೆ ಆದಾಗ ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ, ಬ್ರೇಕೂ ಒತ್ತಬೇಡಿ. ಸ್ಟೀರಿಂಗನ್ನು ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ವೇಗ ಇಳಿದಂತೆ ತಾನೇ ನಿಲ್ಲುತ್ತದೆ. ಆಮೇಲೆ ಬದಿಗೆ ಹಾಕಿ ಭಾರವನ್ನು ಮುಂದಕ್ಕೆ ಸರಿಸಿ; ಹಾಗೇ ಮುಂದುವರಿದರೆ ಮತ್ತೆ ಬರುತ್ತದೆ.

ಟೈರ್ ಮಾತ್ರ ಖಂಡಿತ ಆಗುವುದಿಲ್ಲ. 79 ಎಂದರೆ ಒಂದು ಟೈರಿಗೆ 437 ಕೆ.ಜಿ., ಎರಡಕ್ಕೆ 874. ನಿಮ್ಮ ಆಕ್ಸಲ್ ಮೇಲೆ ಸಾವಿರದ ಮೇಲೆ ಬೀಳುತ್ತದೆ. ಕನಿಷ್ಠ 94 ಇರುವ ಟೈರ್ ಬೇಕು, ಅದು 670 ಕೆ.ಜಿ. ಹೊರುತ್ತದೆ. ಸುಮ್ಮನೆ 185 ಆರ್ 14 ಸಿ, 102 ಹಾಕಿಬಿಡಿ. ತಲಾ 850 ಕೆ.ಜಿ. ತಾಳುತ್ತದೆ, ಸರಕು ಗಾಡಿಗಳ ಅಳತೆ, ಎಲ್ಲಿ ಬೇಕಾದರೂ ಸಿಗುತ್ತದೆ. ರಿಮ್ಮೂ ಅದಕ್ಕೆ ತಕ್ಕದ್ದು ಬೇಕು, ಮಡ್‌ಗಾರ್ಡಿನ ಸಂದು ನೋಡಿಕೊಳ್ಳಿ. ಗಾಳಿಯನ್ನು ಕಾರಿನ ಹಾಗೆ 32 ಹಾಕಬೇಡಿ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠದ ಹತ್ತಿರ, ಟೈರ್ ತಣ್ಣಗಿರುವಾಗ.

ಗೋಕುಲ_ರೋಡ್_ಗ್ಯಾಸ್‌ಕಟರ್ ಉತ್ತರ:

ಬಂಪರಿಗೆ ಕೊಂಡಿ? ಬ್ಯಾಡ್ರೀಪಾ! ಬಂಪರ್ ಅಂದ್ರ ಎರಡು ಎಂಎಂ ತಗಡು, ನೋಡಾಕಷ್ಟ ಗಟ್ಟಿ. ಅರಬೈಲ್ ಎರಡನೇ ತಿರುವಿನಾಗ ಬಂಪರ್ ಬೋಟಿನ ಸಂಗಾಟ ಉಳೀತೈತಿ, ನೀವು ಗಾಡಿ ಸಂಗಾಟ ಮುಂದ ಹೋಗ್ತೀರಿ.

ಕೊಂಡಿ ಕುಂದರಬೇಕಾದ್ದು ಚಾಸಿಯ ಎರಡೂ ಉದ್ದದ ಪಟ್ಟಿಗೆ. ಎರಡೂ ಕಡೆ 10 ಎಂಎಂ ಪ್ಲೇಟು, ನಡುವ ಅಡ್ಡ ಚೌಕ ಪೈಪು, ಎಲ್ಲಾ ಬೋಲ್ಟ್ ಮ್ಯಾಲೆ. ಚಾಸಿಗೆ ವೆಲ್ಡಿಂಗ್ ಮಾಡಿಸಬ್ಯಾಡ್ರಿ. ಶಾಖ ಹತ್ತಿದ ಜಾಗದಾಗ ಕಬ್ಬಿಣ ಗಡಸಾಗಿ ಅದರ ಬಾಜೂಕ ಬಿರುಕು ಬಿಡ್ತೈತಿ. ಕಂಪನಿ ಚಾಸಿಗೆ ಕೊಟ್ಟ ತೂತು ಇದ್ದರ ಅದನ್ನ ಬಳಸ್ರಿ. ಬೋಲ್ಟು 12 ಎಂಎಂ, ತಲಿ ಮ್ಯಾಲೆ 8.8 ಇಲ್ಲಾ 10.9 ಅಂತ ಬರದಿರಬೇಕು. ಏನೂ ಬರೀಲಾರದ್ದು ಬಾಗಿಲಿಗೆ ಹಾಕೂ ಬೋಲ್ಟು. ನೈಲಾಕ್ ನಟ್ಟು ಹಾಕಿಸಿ ಟಾರ್ಕ್ ಪಾನಾದಿಂದನ ಬಿಗೀಬೇಕು.

ಟ್ರ್ಯಾಕ್ಟರ್ ಪಿನ್ ಯಾಕ ಬ್ಯಾಡ ಅಂದ್ರ, ಪಿನ್ನಿಗೂ ತೂತಿಗೂ ನಡುವ ಸಂದು ಇರ್ತೈತಿ. ಟ್ರ್ಯಾಕ್ಟರ್ 20 ಸ್ಪೀಡಿನಾಗ ಹೋಗ್ತೈತಿ, ಅದಕ್ಕ ಧಡಲ್ ಧಡಲ್ ಅಂದ್ರೂ ನಡೀತೈತಿ. 60ರಾಗ ಅದ ಹೊಡತ ದಿನಾ ಬಿದ್ದರ ಪಿನ್ ಕಣ್ಣು ಅಗಲಾಗ್ತೈತಿ. ಟ್ರೇಲರ್ ಅಡ್ಡಕ್ಕ ವಾಲಿದಾಗ ಪಿನ್ ತಿರುಗಾಂಗಿಲ್ಲ, ತಿರುಚ್ತೈತಿ. 50 ಎಂಎಂ ಬಾಲ್ ಹಾಕಸ್ರಿ. ಬಾಲ್ ಮ್ಯಾಲೆ ಅಳತಿ, ತೂಕದ ಮಿತಿ ಎರಡೂ ಹೊಡದಿರ್ತಾರ, ಓದ್ರಿ. ಹಳೇ ಟ್ರೇಲರಿನ ಕಪ್ಲಿಂಗ್ ಎಷ್ಟರದು ಅಂತನೂ ನೋಡ್ರಿ. ಸಣ್ಣ ಬಾಲಿಗೆ ದೊಡ್ಡ ಬಾಯಿ ಕುಂದರತೈತಿ, ಲಾಕೂ ಬೀಳ್ತೈತಿ, ಎಲ್ಲಾ ಸರಿ ಐತಿ ಅನ್ನಸ್ತೈತಿ. ಮೊದಲನೇ ಹಂಪಿನಾಗ ಹಾರಿ ಹೊರಗ ಬರ್ತೈತಿ. ಲಾಕ್ ಹಾಕಿದ ಮ್ಯಾಲೆ ಜಾಕಿ ತಿರುವಿ ಮೂತಿ ಮ್ಯಾಲಕ್ಕ ಎತ್ತಿ ನೋಡ್ರಿ. ಪಿಕಪ್ಪಿನ ಬೆನ್ನೂ ಜೊತಿಗೆ ಎದ್ದರ ಕುಂತೈತಿ ಅಂತ.

ಬಾಲಿನ ಎತ್ತರ ಹೆಂಗಿರಬೇಕಂದ್ರ, ಭಾರ ಹೇರಿದ ಮ್ಯಾಲೆ ಟ್ರೇಲರ್ ಮಟ್ಟಸ ನಿಂದರಬೇಕು. ಫೋರ್ ಬೈ ಫೋರ್ ಗಾಡಿ ಎತ್ತರ ಇರ್ತಾವ, ಅದಕ್ಕ ಬಾಲ್ ಕೆಳಗ ಇಳಿಸೂ ಬಾಗಿದ ಕುತ್ತಿಗಿ ಬೇಕಾಗ್ತೈತಿ. ಮೂತಿ ಮ್ಯಾಲೆ ನೋಡಿದ್ರ ಭಾರ ಹಿಂದಕ್ಕ ಜಾರ್ತೈತಿ. ಆ ಕುತ್ತಿಗಿ ಬಿಚ್ಚಾಕ ಬರೂ ಹಂಗ ಮಾಡಸ್ರಿ, ಬೋಟು ಇಲ್ಲದಾಗ ಊರಾಗ ಮಂದಿ ಮೊಣಕಾಲಿಗೆ ಬಡೀತೈತಿ. ಕೆಳಗ ಎರಡು ಸರಪಳಿ, ಅಡ್ಡಡ್ಡ ಗುಣಾಕಾರದ ಹಂಗ ಕಟ್ಟಬೇಕು. ಕೊಂಡಿ ಬಿಟ್ಟರ ಮೂತಿ ಆ ಗುಣಾಕಾರದ ಮ್ಯಾಲೆ ಬೀಳ್ತೈತಿ, ಡಾಂಬರಿಗೆ ನಾಟಾಂಗಿಲ್ಲ. ಬಾಲ್ ಹಿಡಿದ ಬೋಲ್ಟಿಗೇ ಸರಪಳಿ ಸಿಗಸಬ್ಯಾಡ್ರಿ, ಬೇರೆ ಕಣ್ಣು ಮಾಡಸ್ರಿ.

ಎರಡು ವರ್ಷ ದಂಡಿ ಮ್ಯಾಲೆ ನಿಂತೈತಿ ಅಂದ್ರಲ್ಲ, ಆ ಬೇರಿಂಗ್ ಮ್ಯಾಲೆ ಒಂದು ಕಿಲೋಮೀಟರೂ ಹೋಗಬ್ಯಾಡ್ರಿ. ಬೋಟಿನ ಟ್ರೇಲರ್ ಬೇರಿಂಗ್ ಸಾಯೂದು ಯಾಕಂದ್ರ, ಓಡಿ ಬಂದ ಬಿಸಿ ಹಬ್ (ಚಕ್ರದ ನಡುವಿನ ಬೇರಿಂಗ್ ಡಬ್ಬಿ) ನೀರಾಗ ಇಳಸ್ತಾರ. ಒಳಗಿನ ಗಾಳಿ ತಟಕ್ಕನ ತಣ್ಣಗಾಗಿ ಕುಗ್ಗಿ, ಸೀಲಿನ ಬಾಯಿಂದ ಉಪ್ಪುನೀರು ಎಳಕೋತೈತಿ. ಕಾರವಾರದಾಗ ಬಿಚ್ಚಿಸಿರಿ: ಡಬ್ಬಿ ಮುಚ್ಚಳ, ಸ್ಪ್ಲಿಟ್ ಪಿನ್, ಕಿರೀಟದ ನಟ್ಟು, ಹೊರಗಿನ ಬೇರಿಂಗು, ಹಬ್ಬು. ಸೀಮೆಎಣ್ಣಿ ಇಲ್ಲಾ ಡೀಸೆಲ್‌ದಾಗ ತೊಳದು ರೋಲರ್ ಮ್ಯಾಲೆ ಕಪ್ಪು ಚುಕ್ಕಿ, ನೀಲಿ ಬಣ್ಣ ಕಂಡ್ರ ಒಗದುಬಿಡ್ರಿ, ಹಳೇದನ್ನ ಅಂಗಡಿಗೆ ಒಯ್ದು ಅದ ನಂಬರಿಂದು ತರ್ರಿ. ಬೇರಿಂಗ್ ಹೊಸಾದು ಹಾಕಿದ್ರ ಹಬ್ಬಿನೊಳಗಿನ ಕಪ್ (ರೋಲರ್ ಓಡೂ ಹೊರಗಿನ ಬಳಿ) ಕೂಡ ಹೊಸಾದ ಆಗಬೇಕು. ಸೀಲಂತೂ ಹೊಸಾದ. ನೀರು ತಡಿಯೂ ಗ್ರೀಸನ್ನ ಅಂಗೈಯಾಗ ಇಟ್ಟು, ರೋಲರಿನ ಸಂದಿಂದ ಆ ಕಡಿ ಹೊರಗ ಬರೂ ತನಕ ಒತ್ತಿ ತುಂಬ್ರಿ. ಮ್ಯಾಲೆ ಸವರಿದರ ಅದು ಗ್ರೀಸ್ ಅಲ್ಲ, ಬಣ್ಣ. ನಟ್ಟನ್ನ ಚಕ್ರ ತಿರುಗಿಸ್ಕೋತ ಬಿಗೀರಿ, ಚಕ್ರ ಭಾರ ಆತು ಅನ್ನೂದ್ರಾಗ ಪಿನ್ನಿನ ತೂತು ಸಿಗೂವಷ್ಟು ಹಿಂದಕ್ಕ ಬಿಡ್ರಿ, ಹೊಸ ಪಿನ್ ಹಾಕ್ರಿ. ಚಕ್ರ ಹಗುರ ತಿರುಗಬೇಕು, ಅಲ್ಲಾಡಿಸಿದ್ರ ಲಟಲಟ ಅನ್ನಬಾರದು.

ಲೈಟಿನ ವೈರು ಏಳು ಪಿನ್ನಿನ ಸಾಕೆಟ್. 1 ಹಳದಿ ಎಡ ಇಂಡಿಕೇಟರ್, 3 ಬಿಳಿ ಅರ್ಥ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೇಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೇಲ್. 2 ನೀಲಿ, ನಿಮಗ ಬ್ಯಾಡ. ಇಂಡಿಕೇಟರ್ ಹಾಕಿದ್ರ ಟೇಲ್ ಲೈಟ್ ಮಿಣುಕಾಕತ್ತಿದ್ರ ಬಲ್ಬ್ ಹುಡುಕಬ್ಯಾಡ್ರಿ, ಅರ್ಥ್ ಹೋಗೈತಿ. ಅರ್ಥ್ ವೈರನ್ನ ಟ್ರೇಲರ್ ಚೌಕಟ್ಟಿಗೆ ಬಿಟ್ಟು ಬಾಲ್ ಮ್ಯಾಲಿಂದ ಬರತೈತಿ ಅಂತ ಕುಂತರ ಗ್ರೀಸು ಅದನ್ನ ತಡೀತೈತಿ. ಪ್ರತಿ ಲೈಟಿಗೂ ಬೇರೆ ಅರ್ಥ್ ಎಳಸ್ರಿ. ಗಾಡಿ ವೈರಿಗೆ ನೇರ ಕತ್ತರಿಸಿ ಜೋಡಿಸಬ್ಯಾಡ್ರಿ, ನಡುವ ರಿಲೇ ಡಬ್ಬಿ ಇರಲಿ.

ಹಾವೇರಿ_27 ಉತ್ತರ:

ಒಂದು ಸಲ ತರುವುದಕ್ಕಷ್ಟೇ ಆಗಿದ್ದರೆ ಇಷ್ಟೆಲ್ಲ ಬೇಡ ಎನ್ನುತ್ತಿದ್ದೆ. ಬೋಟಿನ ಪೂರ್ತಿ ಉದ್ದ ಹಿಡಿಸುವ ಬಾಡಿಯ ಐಷರ್ ಲಾರಿ ಮಾಡಿಕೊಂಡು, ಹೈಡ್ರಾ ಕ್ರೇನಿನಿಂದ ಎತ್ತಿ, ಕೆಳಗೆ ಹಳೇ ಟೈರು ಹಾಸಿ, ಬೋಟನ್ನು ಹೇರಿಬಿಡಿ. ಬೋಟು ಬಾಡಿಯ ಹಿಂದೆ ಚಾಚಬಾರದು, ಕೆಂಪು ಬಟ್ಟೆ ಕಟ್ಟಿದರೂ ಅದು ನಿಯಮಕ್ಕೆ ವಿರುದ್ಧ. ಎತ್ತುವಾಗ ಹಗ್ಗ ಬೇಡ, ಅಗಲದ ಬೆಲ್ಟು ಎರಡು. ಫೈಬರಿನ ಅಂಚಿಗೆ ಸರಪಳಿ ಹಾಕಿದರೆ ಬಿರುಕು ಗ್ಯಾರಂಟಿ. ಖಾಲಿ ಟ್ರೇಲರನ್ನೂ ಅದೇ ಗಾಡಿಯಲ್ಲೋ ಬೇರೆಯದರಲ್ಲೋ ತಂದು, ಹುಬ್ಬಳ್ಳಿಯಲ್ಲೇ ಬ್ರೇಕು, ಟೈರು, ಬೇರಿಂಗ್ ನಿಧಾನವಾಗಿ ಮಾಡಿಸಿ. ನಾನು ಈಗಲೂ ಮೊದಲ ಸಲಕ್ಕೆ ಇದೇ ದಾರಿ ಸರಿ ಎನ್ನುತ್ತೇನೆ, ಏಕೆಂದರೆ ಟ್ರೇಲರಿನ ಕಾಗದ ಆಗುವ ಮೊದಲು ಅದನ್ನು ರಸ್ತೆಗೆ ಇಳಿಸುವಂತಿಲ್ಲ.

ಕಾಗದದ ವಿಷಯ: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ರೈತರ ಟ್ರೇಲರಿಗೆ ಇರುವ ಹಾಗೆ ಇದಕ್ಕೂ ಅದರದೇ ನೋಂದಣಿ, ಅದರದೇ ನಂಬರು, ಅದರದೇ ವಿಮೆ ಬೇಕು. ಪಿಕಪ್ಪಿನ ವಿಮೆ ತನ್ನಷ್ಟಕ್ಕೆ ಟ್ರೇಲರಿಗೆ ಬರುವುದಿಲ್ಲ. ಕಾರವಾರದಲ್ಲಿ ಕೆಎ-30 ನೋಂದಣಿ ಆಗಿದೆಯೇ ಎಂದು ಮೊದಲು ಕೇಳಿ. ಆಗಿದ್ದರೆ ಮಾಲೀಕತ್ವ ವರ್ಗಾವಣೆ ಮಾಡಿಸಿಕೊಂಡು ವಿಳಾಸವನ್ನು ಧಾರವಾಡದ ಕೆಎ-25ರ ಕಚೇರಿಗೆ ಬದಲಿಸಿಕೊಳ್ಳಿ. ಆಗಿಲ್ಲದಿದ್ದರೆ ಬೆಲೆಯನ್ನು ಆ ಲೆಕ್ಕದಲ್ಲೇ ಮಾತಾಡಿ. ಬಿಲ್ಲಿಲ್ಲದ, ಚಾಸಿ ನಂಬರಿಲ್ಲದ ಟ್ರೇಲರ್ ಎಂದರೆ ಗುಜರಿ ಬೆಲೆ. ಅಗಲಕ್ಕೆ ಯೋಚನೆ ಇಲ್ಲ, ಏಳೂವರೆ ಅಡಿ ಎಂದರೆ 2.3 ಮೀಟರ್, ಮಿತಿ 2.6.

ಬೋಟಿಗೂ ಕಾಗದ ಬೇಕು, ಅದು ಬೇರೆ ಕಾಯ್ದೆ. ಎಂಜಿನ್ ಇರುವ ದೋಣಿ ಒಳನಾಡಿನ ನೀರಿನಲ್ಲಿ ಓಡಲು 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಆಗಬೇಕು. ಮಲಪ್ರಭಾ ಹಿನ್ನೀರಿಗೆ ಇಳಿಸಲು ಜಲಾಶಯ ನೋಡಿಕೊಳ್ಳುವ ನೀರಾವರಿ ನಿಗಮದ ಅನುಮತಿ ಪತ್ರ ಕೈಯಲ್ಲಿರಲಿ.

ಹಿನ್ನೀರು_ಸವದತ್ತಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಾವೇರಿಯವರು ಹೇಳಿದ್ದ ಖರೆ, ಬೋಟೂ ಟ್ರೇಲರೂ ಲಾರಿ ಮ್ಯಾಲೆ ತಂದು ಇಲ್ಲೇ ಕೆಲಸ ಮಾಡಿಸಿದೆ: ಬ್ರೇಕಿನ ಆಕ್ಸಲ್, 185 ಆರ್ 14 ಟೈರು, ಹೊಸ ಬೇರಿಂಗು. ನೋಂದಣಿನೂ ಆತು. ಅಮರಗೋಳ ಎಪಿಎಂಸಿ ಕಡೆ ವೇಬ್ರಿಜ್ ಮ್ಯಾಲೆ ತೂಗಿಸಿದಾಗ ಬೋಟು, ಎಂಜಿನ್, ಟ್ರೇಲರ್ ಎಲ್ಲಾ ಕೂಡಿ ಗೇರು ಸರ್ ಹಿಡಿದ ಅಂಕಿನ ಬಂತು, 1,340. ಮೂತಿ ಅಷ್ಟ ಬ್ಯಾರೆ ತೂಗಿಸಿದ್ರ 60 ಕೆ.ಜಿ. ಐತಿ. ಬಾಲಿನಿಂದ ಆಕ್ಸಲ್‌ಗೆ ನಾಕೂವರಿ ಮೀಟರ್. ಬೋಟು ಇನ್ನೂ ಮುಂದಕ್ಕ ಸರಸಲೇನು?

ಘಟ್ಟದ_ಗೇರು ಉತ್ತರ:

ಮೊದಲು 60 ಎಂಬುದನ್ನು ಖಚಿತ ಮಾಡಿಕೊಳ್ಳಿ. ಅರವತ್ತು ಟನ್ನಿನ ವೇಬ್ರಿಜ್‌ಗೆ 60 ಕೆ.ಜಿ. ಎಂದರೆ ನೊಣ ಕೂತ ಹಾಗೆ, ಹತ್ತಿಪ್ಪತ್ತು ಕೆ.ಜಿ. ಆಚೀಚೆ ಆಗುತ್ತದೆ. ಅಲ್ಲೇ ಯಾವುದಾದರೂ ಅಡತಿ ಅಂಗಡಿಯಲ್ಲಿ ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಇರುತ್ತದೆ. ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಪ್ಲಿಂಗ್ ಕೆಳಗೆ ಮರದ ತುಂಡು ನಿಲ್ಲಿಸಿ ಆ ಕಾಟಾದ ಮೇಲೆ ಕೂರಿಸಿ. ತುಂಡಿನ ಎತ್ತರ ಬಾಲಿನ ಎತ್ತರದಷ್ಟೇ ಇರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು.

60ಕ್ಕೇ ಬಂದರೆ ಅದು ನಾಲ್ಕೂವರೆ ಶೇಕಡ, ಬಾಲ ಆಡಿಸುವ ತೂಕ. ಬೋಟನ್ನು ಮುಂದಕ್ಕೆ ಸರಿಸಿದರೆ ಲೆಕ್ಕ ಹೀಗೆ: ಎಂಜಿನ್ ಸಮೇತ ಬೋಟು ಸುಮಾರು 960 ಕೆ.ಜಿ. ಎಂದು ಹಿಡಿದರೆ, 19 ಸೆಂ.ಮೀ. ಸರಿಸಿದರೆ ಮೂತಿಗೆ 40 ಕೆ.ಜಿ. ಕೂಡುತ್ತದೆ. ಲೆಕ್ಕಕ್ಕೆ ಸರಿ, ಬೋಟಿಗೆ ಸರಿಯಲ್ಲ. ಹಿಂದಿನ ಹಲಗೆಯ ಕೆಳಗೇ ಎಂಜಿನ್ನಿನ ಭಾರ ಬೀಳುವುದು. ಟ್ರೇಲರಿನ ಮರದ ಹಾಸು ಅಲ್ಲಿಯವರೆಗೂ ಇರಬೇಕು. ನೀವು ಬೋಟನ್ನು ಸರಿಸಿದರೆ ಹಾಸು ಹಿಂದೆ ಚಾಚುತ್ತದೆಯೇ, ಬೋಟು ಹಾಸಿನ ಆಚೆ ಚಾಚುತ್ತದೆಯೇ ಎಂದು ಬಗ್ಗಿ ನೋಡಿ. ಇನ್ನೊಂದು, ಮುಂದೆ ತಳದ ಬಾಗು ಶುರುವಾಗುವ ಕಡೆ ಹಾಸು ತಾಗದೆ ಬೋಟು ಎರಡೇ ಬಿಂದುವಿನ ಮೇಲೆ ನಿಂತುಬಿಡಬಹುದು.

ಅದಕ್ಕಿಂತ ಸುಲಭದ್ದಿದೆ. ಆ 40 ಎಚ್‌ಪಿ ಎಂಜಿನ್ ಸುಮಾರು 75 ಕೆ.ಜಿ. ಅದು ಆಕ್ಸಲ್ಲಿನಿಂದ ಎರಡೂವರೆ ಮೀಟರ್ ಹಿಂದೆ ನೇತಾಡುತ್ತಿದೆ. ಬಿಚ್ಚಿ ಪಿಕಪ್ಪಿನ ತೊಟ್ಟಿಯಲ್ಲಿ ಇಟ್ಟರೆ ಮೂತಿಗೆ ತಾನಾಗಿ 42 ಕೆ.ಜಿ. ಕೂಡಿ 102 ಆಗುತ್ತದೆ, ಒಟ್ಟು ತೂಕ 1,265ಕ್ಕೆ ಇಳಿಯುತ್ತದೆ. ಎಂಟು ಶೇಕಡ! ಬೋಟನ್ನು ಒಂದಿಂಚೂ ಸರಿಸುವುದು ಬೇಡ. ಇಬ್ಬರು ಗಟ್ಟಿ ಆಳು ಸಾಕು, ಮರದ ಸ್ಟ್ಯಾಂಡಿಗೆ ನಿಲ್ಲಿಸಿ ಕಟ್ಟಿ. ಮಲಗಿಸಲೇಬೇಕಾದರೆ ಒಳಗಿನ ನೀರು ಪೂರ್ತಿ ಸೋರಿದ ಮೇಲೆ, ತಲೆಭಾಗ ಪಂಕಕ್ಕಿಂತ ಮೇಲಿರಲಿ. ಪೆಟ್ರೋಲ್ ಡಬ್ಬಿ ಖಾಲಿ ಇರಲಿ, ಸವದತ್ತಿಯಲ್ಲಿ ತುಂಬಿಸಿಕೊಂಡರಾಯಿತು.

ಕಟ್ಟುವುದು: ಮುಂದಿನ ವಿಂಚಿನ ಬೆಲ್ಟು ಬೋಟನ್ನು ಎಳೆದುಕೊಳ್ಳಲು ಇರುವುದು, ಹಿಡಿದಿಡಲು ಅಲ್ಲ. ಮೂತಿಯ ಬಳೆಗೆ ಬೇರೆ ಸರಪಳಿ, ಹಿಂದಿನ ಎರಡು ಬಳೆಗಳಿಂದ ಟ್ರೇಲರ್ ಚೌಕಟ್ಟಿಗೆ ಎರಡು ರಾಚೆಟ್ ಬೆಲ್ಟು. ಬೆಲ್ಟಿಗೆ ಒಂದು ತಿರುಚು ಹಾಕಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ.

ಓಡಿಸುವಾಗ 60ರೊಳಗೆ. ಫೋರ್ ಬೈ ಫೋರನ್ನು ಒಣ ಡಾಂಬರಿನ ಮೇಲೆ ಹಾಕಬೇಡಿ, ತಿರುವಿನಲ್ಲಿ ಗೇರು ಕಟ್ಟಿಕೊಳ್ಳುತ್ತದೆ. ಅದು ಹಿನ್ನೀರಿನ ಕೆಸರು ದಂಡೆಯಿಂದ ಬೋಟು ಮೇಲಕ್ಕೆ ಎಳೆಯುವಾಗ ಲೋ ರೇಂಜಿನಲ್ಲಿ ಬೇಕಾಗುತ್ತದೆ. ಏರಿನಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಹಾಕಿ, ಕ್ಲಚ್ ಮೇಲೆ ಗಾಡಿ ಹಿಡಿದು ನಿಲ್ಲಿಸಬೇಡಿ. ಧಾರವಾಡ ಬಿಟ್ಟು ಇಪ್ಪತ್ತು ಕಿ.ಮೀ. ಆದ ಮೇಲೆ ಒಮ್ಮೆ ಇಳಿದು ಎರಡೂ ಹಬ್ಬಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಬಿಟ್ಟಿಲ್ಲ. ಚಕ್ರದ ನಟ್ಟುಗಳನ್ನೂ ಅಲ್ಲೇ ಇನ್ನೊಮ್ಮೆ ಬಿಗಿಯಿರಿ, ಹೊಸ ರಿಮ್ ಮೊದಲ ಓಟದಲ್ಲಿ ಕೂತುಕೊಳ್ಳುತ್ತದೆ.

ಗೋಕುಲ_ರೋಡ್_ಗ್ಯಾಸ್‌ಕಟರ್ ಉತ್ತರ:

ಗೇರು ಅಣ್ಣಾರು ಒಂದು ಬಿಟ್ಟರು. ನೀರಿಗೆ ಇಳಸೂ ಮೊದಲ ಕಾಲು ತಾಸರ ಹಬ್ ಆರಲಿ, ಲೈಟಿನ ಸಾಕೆಟ್ ಕಿತ್ತಿಡ್ರಿ. ರಿವರ್ಸ್ ಬರಲಾರದವರಿಗೆ ಹೇಳೂದು ಅಂದ್ರ, ಸ್ಟೀರಿಂಗ್ ಕೆಳಗಿನ ಅಂಚಿಗೆ ಕೈ ಇಟ್ಟು, ಟ್ರೇಲರ್ ಯಾವ ಕಡಿ ಹೋಗಬೇಕೋ ಆ ಕಡಿ ಕೈ ಸರಸ್ರಿ. ಸಾವಕಾಶ.

ಮತ್ತ ಬೋಟಿನ ತಳದ ಬಿರಡಿ. ರಸ್ತಾದಾಗ ಅದು ಬಿಚ್ಚಿರಬೇಕು. ಮಳಿ ಹಿಡದು ನಾಕು ಮೀಟರ್ ಉದ್ದ, ಒಂದೂವರಿ ಮೀಟರ್ ಅಗಲದ ತಳದಾಗ ಐದು ಸೆಂಟಿಮೀಟರ್ ನೀರು ನಿಂತರ 300 ಕೆ.ಜಿ. ಆತು, ಏರಿನಾಗ ಅಷ್ಟೂ ಹಿಂದಕ್ಕ ಓಡ್ತೈತಿ, ನೀವು ಕಷ್ಟಪಟ್ಟು ಮಾಡಿದ ಮೂತಿಭಾರ ಹೋತು. ಆದ್ರ ದಂಡಿಗೆ ಹೋದ ಮ್ಯಾಲೆ ಹಾಕೂದು ಮರೆತರ ಬೋಟು ನೀರು ಕುಡೀತೈತಿ. ಆ ಬಿರಡಿನ ಗಾಡಿ ಕೀಲಿಗೊಂಚಲಿಗೆ ಕಟ್ಟಿಬಿಡ್ರಿ.